ಹಿತ್ತಲಿನ ಹೂಮರಕ್ಕೆ ಬರುವವರು ಯಾರ ಅತಿಥಿಗಳು?



ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ, ಅಂಗಡಿಯ ಹಿಂದಿನ ತುಂಡು ಜಾಗದಲ್ಲಿ ನಮ್ಮ ನೆಲದವೇ ಆದ ಸಣ್ಣ ಹೂಮರಗಳನ್ನು ಬೆಳೆಸಬೇಕೆಂದು ಈ ಪತ್ರಿಕೆಯ ಮೂಲಕ ಭಕ್ತರನ್ನು ಕೇಳಿಕೊಳ್ಳುತ್ತ ಬಂದಿದ್ದೇವೆ. ಕಕ್ಕೆ, ಬಿಲ್ವ, ಪಾರಿಜಾತ, ಬಸವನಪಾದ, ಅಂಕೋಲೆ, ಹಾಲೆ, ಮುತ್ತುಗ, ನೆಲ್ಲಿ ಇವು ಯಾವುವೂ ನಮಗೆ ಹೊಸ ಹೆಸರುಗಳಲ್ಲ. ಈ ಮಾತಿಗೆ ಎರಡು ಬಗೆಯ ಉತ್ತರ ಬಂದಿದೆ. ಧರ್ಮಪುರಿ ಪೇಟೆಯ ವ್ಯಾಪಾರಿಯೊಬ್ಬರು, "ಬಿಲ್ವದ ಸಸಿ ನೆಟ್ಟು ಮೂರು ವರ್ಷ ನೀರು ಹಾಕಿದೆ. ಪೂಜೆಗೆ ಪತ್ರೆ ಕೊಯ್ಯೋಣವೆಂದು ಹೋದರೆ ಚಿಗುರೆಲ್ಲ ಹುಳುವಿನ ಪಾಲು. ಔಷಧ ಹೊಡೆಯಲೋ ಬೇಡವೋ ಹೇಳಿ" ಎಂದು ಕೇಳಿದ್ದಾರೆ. ಅಂಚೆಟ್ಟಿ ಕಡೆಯ ರೈತರೊಬ್ಬರ ಮಾತು ಇನ್ನೂ ಖಾರವಾಗಿದೆ. "ಸ್ವಾಮಿ, ನೀವು ಪೇಟೆಯಲ್ಲಿ ಕೂತು ಮರ ನೆಡಿ, ಪ್ರಾಣಿ ಪಕ್ಷಿ ಬರಲಿ ಅಂತೀರಿ. ನಿಮ್ಮ ಹಿತ್ತಲಿಗೆ ಬರೋದು ಗುಬ್ಬಿ. ನಮ್ಮ ಹಿತ್ತಲಿಗೆ ಬರೋದು ಆನೆ."

ಮೇಲುನೋಟಕ್ಕೆ ಇವು ಬೇರೆ ಬೇರೆ ದೂರುಗಳು. ಆದರೆ ಇಬ್ಬರೂ ಕೇಳಿರುವ ಪ್ರಶ್ನೆ ಒಂದೇ ಎಂಬುದು ನಮ್ಮ ತಿಳಿವಳಿಕೆ. ನಾನು ನೆಟ್ಟದ್ದನ್ನು ತಿನ್ನಲು ಬಂದವನು ಅತಿಥಿಯೋ ಕಳ್ಳನೋ? ಅತಿಥಿಯೆಂದಾದರೆ ಅವನ ಊಟದ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಪ್ರಾಣಿದಯೆ ದೊಡ್ಡದು ಎಂದು ಒಂದು ಮಾತು ಹೇಳಿ ಕೈತೊಳೆದುಕೊಂಡರೆ ಇದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ದಯೆಗೂ ಜಮಾ ಖರ್ಚು ಇದೆ. ಅದನ್ನು ಬರೆದಿಡದವನ ದಯೆ ಬಹಳ ದಿನ ನಡೆಯುವುದಿಲ್ಲ.

ಮೊದಲು ಹೂವಿನ ವಿಷಯಕ್ಕೆ ಬರೋಣ. ಹೂವು ಅರಳುವುದು ನಮ್ಮ ದೇವರ ಕೋಣೆಗೆ, ಹೆಣ್ಣುಮಕ್ಕಳ ಮುಡಿಗೆ ಎಂದು ನಾವು ಭಾವಿಸಿಕೊಂಡಿದ್ದೇವೆ. ಮರದ ಲೆಕ್ಕ ಬೇರೆ. ನಿಂತ ಜಾಗದಿಂದ ಕದಲಲಾರದ ಮರಕ್ಕೆ ತನ್ನ ಪರಾಗವನ್ನು ಇನ್ನೊಂದು ಮರಕ್ಕೆ ಮುಟ್ಟಿಸಲು ಆಳು ಬೇಕು. ಬಣ್ಣವೂ ಪರಿಮಳವೂ ಅಂಗಡಿಯ ಬೋರ್ಡು, ಮಕರಂದ ಆಳಿನ ಕೂಲಿ. ಹಣ್ಣಿನ ತಿರುಳು ಬೀಜವನ್ನು ದೂರಕ್ಕೆ ಸಾಗಿಸುವ ಹಕ್ಕಿಗೆ ಕೊಡುವ ಬಾಡಿಗೆ. ಇದು ನಮಗಿಂತ ಬಹಳ ಹಿಂದೆಯೇ ನಡೆದುಬಂದ ವ್ಯಾಪಾರ. ನಾವು ನಡುವೆ ಬಂದು ಜಾಗ ಕೊಟ್ಟವರು, ನೀರು ಹಾಕಿದವರು. ಅಂಗಡಿ ತೆರೆದು ಬೋರ್ಡು ತೂಗುಹಾಕಿದ ಮೇಲೆ ಗಿರಾಕಿ ಬಂದನಲ್ಲ ಎಂದು ಸಿಟ್ಟಾಗುವ ವ್ಯಾಪಾರಿ ಉಂಟೇ? ಹೂಮರ ನೆಡುವುದೆಂದರೆ ಕರೆಯೋಲೆ ಕಳಿಸಿದ ಹಾಗೆ. ಕರೆದ ಮೇಲೆ ಬಂದವರನ್ನು ಕಳ್ಳರೆನ್ನುವುದು ನ್ಯಾಯವಲ್ಲ. ಯಾರನ್ನು ಕರೆಯಬೇಕೆಂಬ ವಿಚಾರವನ್ನು ಗುಂಡಿ ತೋಡುವ ಮೊದಲು ಮಾಡಬೇಕು.

ಪಟ್ಟಾ ನನ್ನ ಹೆಸರಿನಲ್ಲಿದೆ, ಆದುದರಿಂದ ಮರವೂ ನನ್ನದು, ಅದರ ಹೂವು ಹಣ್ಣು ಎಲ್ಲವೂ ನನ್ನದು ಎಂಬ ವಾದವೂ ಉಂಟು. ಒಬ್ಬೊಬ್ಬ ರೈತನ ಹೆಸರಿಗೆ ನೇರವಾಗಿ ಪಟ್ಟಾ ಮಾಡಿ ಕಂದಾಯ ಗೊತ್ತುಪಡಿಸುವ ರೈತವಾರಿ ಪದ್ಧತಿ ಬೇರೂರಿದ್ದೇ ನಮ್ಮ ಬಾರಾಮಹಲಿನಲ್ಲಿ. 1792ರಲ್ಲಿ ಟಿಪ್ಪು ಸುಲ್ತಾನನಿಂದ ಈ ಸೀಮೆ ಕಂಪನಿಯ ಕೈಸೇರಿದ ಮೇಲೆ ಅಲೆಕ್ಸಾಂಡರ್ ರೀಡ್, ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಮುಂತಾದವರು ಹೊಲಗಳನ್ನು ಅಳೆಸಿ ಲೆಕ್ಕ ಕಟ್ಟಿದರು. ನಮ್ಮವರ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಾಗದಗಳ ಮೂಲ ಅಲ್ಲಿದೆ. ಆದರೆ ಅದೇ ಕಂದಾಯದ ಲೆಕ್ಕದಲ್ಲಿ 2ಸಿ ಪಟ್ಟಾ ಎಂಬ ಇನ್ನೊಂದು ಕಾಗದವೂ ಇದೆಯಲ್ಲವೇ? ಪೊರಂಬೋಕಿನಲ್ಲಿರುವ ಹುಣಸೆ ಮರದ ಫಲವನ್ನು ಅನುಭವಿಸುವ ಹಕ್ಕು ಒಬ್ಬನದು, ನೆಲ ಸರಕಾರದ್ದು. ನೆಲದ ಒಡೆತನ ಒಂದು, ಫಲದ ಅನುಭೋಗ ಇನ್ನೊಂದು ಎಂಬುದು ತಾಲ್ಲೂಕು ಕಚೇರಿಗೂ ಗೊತ್ತಿರುವ ಸಂಗತಿ. ಹೀಗಿರುವಲ್ಲಿ ನಮ್ಮ ಮರದ ಮೇಲೆ ಕೋಗಿಲೆಗೂ ತುಡುವೆ ಜೇನಿಗೂ ಒಂದು ಅನುಭೋಗವಿದೆ ಎಂದರೆ ನಗುವಂಥದ್ದೇನೂ ಇಲ್ಲ. ಅವುಗಳ ಕೈಯಲ್ಲಿ ಕಾಗದವಿಲ್ಲ, ಅಷ್ಟೆ.

ತಮಿಳು ಶಾಲೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಏಳು ಮಂದಿ ವಳ್ಳಲರ ಕಥೆ ಬಾಯಿಪಾಠ. ಆ ಏಳರಲ್ಲಿ ಇಬ್ಬರು ನಮ್ಮ ಹಳೆಯ ಸೇಲಂ ಜಿಲ್ಲೆಯವರೇ ಎಂಬುದು ನಮಗೆ ಹೆಮ್ಮೆಯ ವಿಷಯ. ಕೊಲ್ಲಿ ಬೆಟ್ಟದ ಓರಿ ಒಬ್ಬ, ತಗಡೂರಿನ, ಅಂದರೆ ಇಂದಿನ ಧರ್ಮಪುರಿಯ, ಆದಿಯಮಾನ್ ಇನ್ನೊಬ್ಬ. ದೀರ್ಘಾಯುಸ್ಸು ಕೊಡುವ ಅಪರೂಪದ ನೆಲ್ಲಿಕಾಯಿ ಕೈಗೆ ಸಿಕ್ಕಾಗ ತಾನು ತಿನ್ನದೆ ಔವೈಯಾರ್‌ಗೆ ಕೊಟ್ಟವನು ಆದಿಯಮಾನ್. ಅದೇ ಪಟ್ಟಿಯಲ್ಲಿರುವ ಪೇಗನ್ ಎಂಬವನು ನವಿಲು ಚಳಿಗೆ ನಡುಗುತ್ತಿದೆಯೆಂದು ತನ್ನ ಹೊದಿಕೆಯನ್ನೇ ತೆಗೆದು ಹೊದಿಸಿದನಂತೆ. ಪಾಲಕ್ಕೋಡಿನ ನಮ್ಮ ಟೊಮೇಟೊ ಬೆಳೆಗಾರರಿಗೆ ಈ ಕಥೆ ಹೇಳಿದರೆ ಅವರು ನಗುತ್ತಾರೆ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಹಣ್ಣಾಗುವ ಹೊತ್ತಿಗೆ ಹೊಲಕ್ಕೆ ಇಳಿದು ಕುಕ್ಕುವುದಕ್ಕೆ ಇವು ಯಾವುವೂ ಅಡ್ಡಿಯಲ್ಲ. ಪೇಗನ್ ಟೊಮೇಟೊ ಬೆಳೆದವನಲ್ಲ, ನಿಜ. ಆದರೂ ಒಂದನ್ನು ಗಮನಿಸಬೇಕು. ಆದಿಯಮಾನ್ ಕೊಟ್ಟದ್ದು ತನಗೆ ಸಿಕ್ಕ ನೆಲ್ಲಿಕಾಯಿ. ಪೇಗನ್ ಹೊದಿಸಿದ್ದು ತನ್ನ ಮೈಮೇಲಿನ ಹೊದಿಕೆ. ಪಕ್ಕದ ಮನೆಯವನ ಕಂಬಳಿ ತಂದು ನವಿಲಿಗೆ ಹೊದಿಸಿದ್ದರೆ ಅವನ ಹೆಸರು ಆ ಪಟ್ಟಿಗೆ ಸೇರುತ್ತಿತ್ತೇ?

ಇನ್ನು ಬಿಲ್ವದ ಹುಳುವಿಗೆ ಬರೋಣ. ಧರ್ಮಪುರಿಯ ಭಕ್ತರು ಕಂಡ ಹುಳು ನಿಂಬೆ ಚಿಟ್ಟೆಯ ಮರಿ ಇರಬೇಕು. ನಿಂಬೆ, ಕಿತ್ತಳೆ, ಕರಿಬೇವು, ಬಿಲ್ವ ಇವೆಲ್ಲ ಒಂದೇ ಕುಲದ ಗಿಡಗಳು. ಎಲೆಯನ್ನು ಕಿವುಚಿ ಮೂಸಿದರೆ ಆ ನೆಂಟಸ್ತಿಕೆ ಗೊತ್ತಾಗುತ್ತದೆ. ತಾಯಿ ಚಿಟ್ಟೆ ಈ ಕುಲದ ಗಿಡಗಳನ್ನು ಹುಡುಕಿ ಎಳೆಯ ಚಿಗುರಿನಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಮೊದಲ ದಿನಗಳಲ್ಲಿ ಮರಿ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಬಿದ್ದಿರುತ್ತದೆ, ಹಕ್ಕಿಗಳು ಮೋಸಹೋಗಲಿ ಎಂದು. ದೊಡ್ಡದಾದ ಮೇಲೆ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಎರಡು ಮೂರು ವಾರ ಎಲೆ ತಿಂದು, ಆಮೇಲೆ ಕೋಶ ಕಟ್ಟಿಕೊಂಡು, ಹಳದಿ ಕಪ್ಪು ಬಣ್ಣದ ದೊಡ್ಡ ಚಿಟ್ಟೆಯಾಗಿ ಹಾರಿಹೋಗುತ್ತದೆ. ಬೆಳೆದ ಬಿಲ್ವಕ್ಕೆ ಇದರಿಂದ ಏನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ. ಮೊಳಕಾಲೆತ್ತರದ ಸಸಿಯಾದರೆ ಬೋಳಾಗಿ ಸೊರಗುವುದುಂಟು. ಅಂಥಲ್ಲಿ ಹುಳುಗಳನ್ನು ಎಲೆಯ ಸಮೇತ ಎತ್ತಿ ದೊಡ್ಡ ಕರಿಬೇವಿನ ಮರಕ್ಕೋ ನಿಂಬೆಗೋ ಬಿಟ್ಟರೆ ಸಾಕು. ಐದು ನಿಮಿಷದ ಕೆಲಸ, ಮಕ್ಕಳು ಸಂತೋಷದಿಂದ ಮಾಡುತ್ತಾರೆ.

ಔಷಧದ ಅಂಗಡಿಯವರು ನಮ್ಮ ಭಕ್ತರಲ್ಲೂ ಇದ್ದಾರೆ, ಅವರ ವ್ಯಾಪಾರಕ್ಕೆ ಕಲ್ಲು ಹಾಕುವುದು ನಮ್ಮ ಉದ್ದೇಶವಲ್ಲ. ಹೊಲದ ಬೆಳೆಯ ಮಾತು ಬೇರೆ, ಅಲ್ಲಿ ಸಾಲವಿದೆ, ಕಿಸ್ತು ಇದೆ. ಆದರೆ ಇಷ್ಟಲಿಂಗಕ್ಕೆ ಏರಿಸುವ ಪತ್ರೆಗಾಗಿ ಒಂದು ಜೀವಕ್ಕೆ ವಿಷ ಹಾಕಿ, ಆ ವಿಷ ಅಂಟಿದ ಎಲೆಯನ್ನು ತೊಳೆದು ತಂದು ಕಣ್ಮುಚ್ಚಿ ಕೂರುವುದು ಹೇಗೆ? ತೂತಾದ ಪತ್ರೆ ಪೂಜೆಗೆ ಆಗದು ಎನ್ನುವವರಿದ್ದಾರೆ. ಆಗಲಿ, ಅವರ ನಿಷ್ಠೆಯನ್ನು ಗೌರವಿಸುತ್ತೇವೆ. ಅಂಥವರು ಎರಡು ಗಿಡ ನೆಡಲಿ, ಒಂದರಲ್ಲಿ ತಪ್ಪಿದರೆ ಇನ್ನೊಂದರಲ್ಲಿ ಇಡೀ ದಳ ಸಿಗುತ್ತದೆ. ಧರ್ಮಪುರಿಯ ಭಕ್ತರಿಗೆ ನಾವು ಹೇಳಿರುವುದು ಇದನ್ನೇ. ಎಲೆಯ ಖರ್ಚು ಅವರ ಲೆಕ್ಕದ್ದು, ಕೊಡುವವರೂ ಅವರೇ. ಇದು ದಾಸೋಹ ಎನ್ನಲು ಅಡ್ಡಿಯಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಹಿತ್ತಲ ಗಿಡ ಹೂವೂ ಅಲ್ಲ ಎಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ. ನರ್ಸರಿಯಿಂದ ಹಣ ಕೊಟ್ಟು ತಂದದ್ದೇ ಹೂವಿನ ಗಿಡ, ಬೇಲಿಯಲ್ಲಿ ತಾನಾಗಿ ನಿಂತಿರುವ ತಂಗಡಿ ಕಸ. ಪೊಂಗಲ್‌ನ ಹಿಂದಿನ ದಿನ ಕಾಪು ಕಟ್ಟಲು ಮಾತ್ರ ಅದೇ ಆವಾರಂ ಹೂವನ್ನು ಸಂತೆಯಲ್ಲಿ ಕೊಂಡು ತರುತ್ತೇವೆ. ನಮ್ಮ ಮರಗಳು ಸರದಿಯ ಪ್ರಕಾರ ಹೂಬಿಡುವುದನ್ನು ಒಂದು ವರ್ಷ ಕೂತು ನೋಡಿದರೆ ಯಾರಿಗಾದರೂ ಆಶ್ಚರ್ಯವಾದೀತು. ಮುತ್ತುಗ ಎಲೆಯುದುರಿಸಿ ಬೆಂಕಿ ಹೊತ್ತಿದಂತೆ ಅರಳುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಸೂರಕ್ಕಿ, ಗೊರವಂಕ, ಕಾಜಾಣ, ಅಳಿಲು ಎಲ್ಲಕ್ಕೂ ಅಲ್ಲಿ ಜಾತ್ರೆ. ಅದೇ ಹೊತ್ತಿಗೆ ಅಂಕೋಲೆ, ತಮಿಳಿನವರ ಅಳಿಂಜಿಲ್, ಬರಿಗೊಂಬೆಯ ತುಂಬ ಬಿಳಿ ಹೂ ಮುಡಿದು ಘಮಗುಟ್ಟುತ್ತದೆ. ಅದರ ಹಣ್ಣು ಪಿಕಳಾರಕ್ಕೆ ಪ್ರಿಯ. ಯುಗಾದಿಗೆ ಹೊಂಗೆ. ಬಿಸಿಲು ಏರಿದ ಮೇಲೆ ಹಾಲೆಯ ಬಿಳಿ ಗೊಂಚಲು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಮರ ಇದೇ ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ. ಆಮೇಲೆ ಕಕ್ಕೆಯ ಚಿನ್ನದ ಸರ. ಮರ ಕೊರೆಯುವ ಕಪ್ಪು ದುಂಬಿ ಗುಂಯ್‌ಗುಡುತ್ತ ಆ ಗೊಂಚಲುಗಳಿಗೆ ಜೋತುಬೀಳುತ್ತದೆ, ತಿಳಿಹಳದಿ ಚಿಟ್ಟೆಯೊಂದರ ಮರಿಗಳು ಕಕ್ಕೆಯ ಎಲೆಯನ್ನೇ ತಿಂದು ಬೆಳೆಯುತ್ತವೆ. ಮಳೆ ಬಿದ್ದ ಮೇಲೆ ಪಾರಿಜಾತ, ಬಸವನಪಾದ. ಈ ಬಸವನಪಾದವನ್ನು ತಮಿಳಿನಲ್ಲಿ ಮಂದಾರೈ ಎನ್ನುತ್ತಾರೆ. ಎತ್ತಿನ ಗೊರಸಿನ ಗುರುತಿನ ಹಾಗೆ ಎರಡು ಸೀಳಾಗಿರುವ ಎಲೆಯನ್ನು ನೋಡಿ ನಮ್ಮ ಹಿರಿಯರು ಇಟ್ಟ ಹೆಸರು ಎಷ್ಟು ಚೆನ್ನ!

ಇದರಿಂದ ರೈತನಿಗೇನು ಲಾಭ ಎಂದು ಕೇಳುವುದು ಸಹಜ. ಕೃಷ್ಣಗಿರಿಯ ಮಾವು ಹೂಬಿಡುವುದು ವರ್ಷದಲ್ಲಿ ಕೆಲವೇ ವಾರ. ಆ ಹೂವನ್ನು ಕಾಯಿ ಮಾಡಿಕೊಡುವುದು ನೊಣ, ಜೇನು ಮುಂತಾದ ಸಣ್ಣ ಜೀವಿಗಳು. ಉಳಿದ ಹನ್ನೊಂದು ತಿಂಗಳು ಅವು ಏನು ತಿಂದು ಬದುಕಬೇಕು? ಆಳನ್ನು ಸುಗ್ಗಿಗೆ ಮಾತ್ರ ಕರೆದು ಉಳಿದ ದಿನ ಉಪವಾಸ ಕೆಡವಿದರೆ ಮರುವರ್ಷ ಆಳು ಸಿಗುವುದಿಲ್ಲ. ಬದುವಿನಲ್ಲಿ ಸರದಿಯಂತೆ ಅರಳುವ ನಾಲ್ಕು ಜಾತಿಯ ಮರಗಳಿದ್ದರೆ ಅವುಗಳ ಹೊಟ್ಟೆ ನಡೆಯುತ್ತದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಪೆಟ್ಟಿಗೆಗಳನ್ನೆಲ್ಲ ಬರಿದು ಮಾ‍ಡಿದ್ದನ್ನು ಜೇನು ಸಾಕಿದ್ದ ಹಿರಿಯರು ಮರೆತಿರಲಾರರು. ಅಂಥ ಪೆಟ್ಟು ತಿಂದು ಚೇತರಿಸಿಕೊಂಡ ಜೀವಿಗೆ ಮಾವಿನ ತುಂಬು ಹೂವಿನ ಕಾಲದಲ್ಲಿ ಮತ್ತೆ ನಾವೇ ವಿಷ ಉಣಿಸಬಾರದು. ಜಿಗಿಹುಳುವಿಗೆ ಹೊಡೆಯಬೇಕಾದ್ದನ್ನು ಹೂ ಅರಳುವ ಮೊದಲೇ ಮುಗಿಸಿರಿ ಎಂದು ತೋಟಗಾರಿಕೆಯವರೂ ಹೇಳುತ್ತಾರೆ. ಅಳಿಲು ಕಚ್ಚಿದ ನಾಲ್ಕು ಹಣ್ಣಿಗೆ ಕೂಗಾಡುವ ನಾವು 2025ರ ಬೇಸಗೆಯಲ್ಲಿ ತೋತಾಪುರಿಯ ಬೆಲೆ ಬಿದ್ದಾಗ ಯಾರ ಮೇಲೆ ಕೂಗಾಡಿದೆವು? ಮಂಡಿ ತಿಂದದ್ದರ ಮುಂದೆ ಅಳಿಲು ತಿಂದದ್ದು ಎಷ್ಟರ ಮಟ್ಟಿನದು!

ನಮ್ಮ ನೆಲದ ಮರವೇ ಏಕೆ, ಬೇರೆ ದೇಶದ್ದಾದರೆ ಹೂವಲ್ಲವೇ ಎಂದು ಕಾಲೇಜಿಗೆ ಹೋಗುವ ಹುಡುಗರು ಕೇಳುತ್ತಾರೆ. ಪರದೇಶದ್ದೆಂಬ ಕಾರಣಕ್ಕೇ ಯಾವುದನ್ನೂ ದೂರುವುದು ನಮ್ಮ ಮತವಲ್ಲ. ನಾವು ತಿನ್ನುವ ಮೆಣಸಿನಕಾಯಿ, ಟೊಮೇಟೊ, ಸೇಲಂನ ಜವ್ವರಿಸಿಗೆ ಮೂಲವಾದ ಮರಗೆಣಸು ಎಲ್ಲವೂ ಅಮೆರಿಕ ಖಂಡದಿಂದ ಬಂದವೇ. ಆದರೆ ಲಂಟಾನದ ಕಥೆಯನ್ನು ಆ ಹುಡುಗರು ತಿಳಿದಿರಬೇಕು. ತಮಿಳಿನವರು ಉಣ್ಣಿಚೆಡಿ ಎನ್ನುವ ಈ ಮುಳ್ಳುಗಿಡವನ್ನು ನಮ್ಮ ದೇಶಕ್ಕೆ ತಂದದ್ದು ಕಳೆದ ಶತಮಾನದ ಹಿಂದಿನ ಶತಮಾನದ ಆರಂಭದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ, ಅದೂ ಹೂವಿನ ಅಂದಕ್ಕಾಗಿ. ಚಿಟ್ಟೆಗಳು ಅದಕ್ಕೂ ಮುತ್ತುತ್ತವೆ, ಪಿಕಳಾರ ಅದರ ಹಣ್ಣನ್ನೂ ತಿನ್ನುತ್ತದೆ. ತಿಂದು ಬೀಜವನ್ನು ಬೆಟ್ಟಬೆಟ್ಟಕ್ಕೆ ಸಾಗಿಸಿತು. ಇಂದು ಹೊಸೂರು, ಡೆಂಕಣಿಕೋಟೆ, ಪೆನ್ನಾಗರದ ಕಾಡುಗಳಲ್ಲಿ ಹುಲ್ಲು ಬೆಳೆಯಬೇಕಾದ ಜಾಗದಲ್ಲಿ ಅದರ ಪೊದೆ. ಹುಲ್ಲಿಲ್ಲದ ಕಾಡಿನಿಂದ ಆನೆ, ಜಿಂಕೆ ಹೊಲಕ್ಕೆ ಇಳಿಯುವುದರಲ್ಲಿ ಆಶ್ಚರ್ಯವೇನು? ಯಾರೋ ಒಬ್ಬರು ತಮ್ಮ ತೋಟ ಚೆಂದ ಕಾಣಲೆಂದು ಮಾಡಿದ ಕೆಲಸದ ಖರ್ಚು ಇನ್ನೂರು ವರ್ಷ ಕಳೆದ ಮೇಲೆ ತಳಿಯ ರಾಗಿ ಹೊಲಕ್ಕೆ ಬಂದು ಬಿದ್ದಿದೆ. 2022ರಲ್ಲಿ ತಮಿಳುನಾಡು ಸರಕಾರ ಇಂಥ ಗಿಡಗಳನ್ನು ಕಾಡಿನಿಂದ ತೆಗೆಯುವುದಕ್ಕೆಂದೇ ಒಂದು ನೀತಿ ಹೊರಡಿಸಬೇಕಾಯಿತು. ನಮ್ಮ ನೆಲದ ಮರ ಎಂಬ ಮಾತಿಗೆ ನಾವು ಕೊಡುವ ಅರ್ಥ ಇಷ್ಟೇ. ಅದರ ಲೆಕ್ಕ ಇಲ್ಲಿಯ ಜೀವಿಗಳಿಗೂ ಮಣ್ಣಿಗೂ ಹಳೆಯದು, ತಿನ್ನುವವರೂ ಗೊತ್ತು, ಹದ್ದುಬಸ್ತಿನಲ್ಲಿಡುವವರೂ ಗೊತ್ತು.

ಮರ ಬಂದರೆ ಹಕ್ಕಿ, ಹಕ್ಕಿ ಬಂದರೆ ಹಾವು ಎಂದು ತಾಯಂದಿರು ಹೆದರುವುದುಂಟು. ಬಾಗಿಲಿನಿಂದ ಹನ್ನೆರಡು ಹದಿನೈದು ಅಡಿ ದೂರದಲ್ಲಿ ನೆಟ್ಟು, ಬುಡದಲ್ಲಿ ಸೌದೆ ಕಲ್ಲು ರಾಶಿ ಹಾಕದಿದ್ದರೆ ಆ ಭಯಕ್ಕೆ ಹೆಚ್ಚು ಕಾರಣವಿಲ್ಲ. ಕೇರೆಹಾವು ಬಂದರೆ ಇಲಿ ಹಿಡಿದುಕೊಂಡು ಹೋಗುತ್ತದೆ.

ಯೇರ್ಕಾಡಿನ ಘಾಟ್ ರಸ್ತೆಯ ಇಪ್ಪತ್ತು ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆಯುವವರನ್ನು ಸೇಲಂನ ಭಕ್ತರು ನೋಡಿದ್ದೀರಿ. ಅದೂ ದಾನವೇ ಎಂದು ಅವರು ತಿಳಿದಿರಬಹುದು. ಎಸೆದವರು ಸಂಜೆಗೆ ಊರಿಗೆ ಮರಳುತ್ತಾರೆ. ಕೈಯಿಂದ ಕಿತ್ತು ತಿನ್ನಲು ಕಲಿತ ಮಂಗ ಅಲ್ಲಿಯೇ ಉಳಿಯುತ್ತದೆ, ಬೆಟ್ಟದ ಮನೆಗಳ ಹೆಂಚು ತೆಗೆಯುತ್ತದೆ, ಅಂಗಡಿಗೆ ನುಗ್ಗುತ್ತದೆ. ಪುಣ್ಯ ಎಸೆದವನದು, ಪೆಟ್ಟು ಬೆಟ್ಟದವನದು. ಮರ ನೆಟ್ಟು ಉಣಿಸುವುದಕ್ಕೂ ಕೈಯಿಂದ ಎಸೆದು ಉಣಿಸುವುದಕ್ಕೂ ಇರುವ ವ್ಯತ್ಯಾಸ ಇದು. ಮರ ತನ್ನ ಕಾಲಕ್ಕೆ ತನ್ನ ಅಳತೆಯಲ್ಲಿ ಕೊಡುತ್ತದೆ, ಯಾರನ್ನೂ ಭಿಕ್ಷುಕನಾಗಿ ಮಾಡುವುದಿಲ್ಲ.

ಈಗ ಅಂಚೆಟ್ಟಿಯ ರೈತರ ಮಾತಿಗೆ ಬರಬೇಕು. ನಮ್ಮ ಬರಹದ ತೂಕವೆಲ್ಲ ಇರುವುದು ಇಲ್ಲಿ. ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿಗಳು 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಸೇರಿವೆ. ಮಠದ ಹಳೆಯ ರಿಜಿಸ್ಟರಿನಲ್ಲಿ ಇನ್ನೂ ಧರ್ಮಪುರಿ ಜಿಲ್ಲೆ ಎಂದೇ ಇದೆ, ನಮ್ಮ ಬಾಯಲ್ಲಿಯೂ ಹಾಗೆಯೇ. ಆನೆಗಳಿಗಂತೂ ಜಿಲ್ಲೆಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಕರ್ನಾಟಕದ ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯ ಮೂಲಕ ಪ್ರತಿವರ್ಷ ರಾಗಿ ತೆನೆ ಬಲಿಯುವ ಹೊತ್ತಿಗೆ ಹಿಂಡುಹಿಂಡಾಗಿ ಈ ಕಡೆ ದಾಟುತ್ತವೆ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂದು ಎರಡು ವನ್ಯಜೀವಿ ಧಾಮಗಳನ್ನು ಸರಕಾರ ಘೋಷಿಸಿತು. ಕಾಡಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಕಾಡಿನ ಗೆರೆ ಮುಗಿಯುವಲ್ಲಿ ನಮ್ಮ ಭಕ್ತರ ರಾಗಿ ಹೊಲ ಶುರುವಾಗುತ್ತದೆ. ತಿಂಗಳುಗಟ್ಟಲೆ ಬೆಳೆಸಿದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡವನ ಮುಂದೆ ನಿಂತು ಇದು ದಾಸೋಹವಯ್ಯಾ ಎನ್ನುವುದು ಸುಲಭ. ಹಾಗೆ ಹೇಳುವವನು ಒಂದು ಪಡಿ ರಾಗಿಯನ್ನೂ ಕಳೆದುಕೊಂಡಿರುವುದಿಲ್ಲ. ಮನಸ್ಸು ಒಪ್ಪಿ ಕೊಟ್ಟದ್ದು ದಾಸೋಹ. ರಾತ್ರಿ ಬಂದು ತಿಂದುಹೋದದ್ದು ನಷ್ಟ. ಎರಡಕ್ಕೂ ಒಂದೇ ಹೆಸರಿಟ್ಟರೆ ದಾಸೋಹ ಎಂಬ ಮಾತಿನ ಮಾನ ಹೋಗುತ್ತದೆ.

ನಷ್ಟಕ್ಕೆ ಹೆದರಿ ಕೆಲವರು ಕಂಬದಿಂದ ನೇರವಾಗಿ ತಂತಿ ಎಳೆಯುತ್ತಾರೆ. 2023ರ ಮಾರ್ಚಿನಲ್ಲಿ ಪಾಲಕ್ಕೋಡು ಬಳಿಯ ಮಾರಂಡಹಳ್ಳಿ ಕಡೆ ಒಂದು ಹೊಲದಲ್ಲಿ ಅಂಥ ತಂತಿ ತಗಲಿ ಮೂರು ಹೆಣ್ಣಾನೆಗಳು ಸತ್ತುಬಿದ್ದವು. ಜೊತೆಗಿದ್ದ ಎರಡು ಮರಿಗಳು ಉಳಿದು ಆ ದೇಹಗಳ ಸುತ್ತ ತಿರುಗುತ್ತಿದ್ದ ಚಿತ್ರವನ್ನು ದೇಶವೆಲ್ಲ ನೋಡಿತು. ರೈತನ ಕಷ್ಟ ನಮಗೆ ಗೊತ್ತಿದೆ, ಆದರೂ ಇದನ್ನು ಸಮರ್ಥಿಸಲಾರೆವು. ಸೋಲಾರ್ ಬೇಲಿ ಕ್ಷಣಮಾತ್ರದ ಪೆಟ್ಟು ಕೊಟ್ಟು ಹೆದರಿಸುತ್ತದೆ. ಕಂಬದ ತಂತಿ ಕೊಲ್ಲುತ್ತದೆ. ಅದಕ್ಕೆ ಆನೆ, ಹಂದಿ, ಪಕ್ಕದ ಮನೆಯ ಹಸು, ಕತ್ತಲಲ್ಲಿ ನೀರು ತಿರುಗಿಸಲು ಹೋದ ಸ್ವಂತ ಮಗ ಎಂಬ ಭೇದ ತಿಳಿಯದು. ಬೇಲಿಗಳ ನೋಂದಣಿಗೆ ಸರಕಾರ 2023ರಲ್ಲಿ ನಿಯಮವನ್ನೂ ಮಾಡಿದೆ. ನೋಂದಾಯಿಸಿದ ಬೇಲಿಯ ಮಾಲೀಕ ಧೈರ್ಯವಾಗಿ ನಿದ್ದೆ ಮಾಡಬಹುದು.

ಕಾಡಂಚಿನ ಹಿತ್ತಲಿಗೂ ಪೇಟೆಯ ಹಿತ್ತಲಿಗೂ ಒಂದೇ ಪಟ್ಟಿ ಒಪ್ಪುವುದಿಲ್ಲ. ಅಂಚೆಟ್ಟಿ, ಉರಿಗಂ, ಪೆನ್ನಾಗರದ ಮೇಲುಭಾಗದ ಊರುಗಳಲ್ಲಿ ಮನೆಯ ಗೋಡೆಗೆ ಒತ್ತಿ ಹಲಸು, ಬಾಳೆ, ಬೇಲದ ಮರ ಬೆಳೆಸುವುದೆಂದರೆ ಆನೆಗೆ ಕರೆಯೋಲೆ ಬರೆದಂತೆ. ಕಕ್ಕೆ ಎಷ್ಟೇ ಚೆಲುವಾದರೂ ಅದರ ಉದ್ದ ಕಾಯಿಯೊಳಗಿನ ಕಪ್ಪು ತಿರುಳು ಕರಡಿಗೆ ಬಹಳ ಇಷ್ಟ. ಪುನುಗು ಬೆಕ್ಕಿಗೂ ಇಷ್ಟ, ಅದರಿಂದ ತೊಂದರೆಯಿಲ್ಲ, ಕರಡಿಯಿಂದ ತೊಂದರೆಯುಂಟು. ಬಸವನಪಾದದ ಜಾತಿಯ ಮರಗಳ ಸೊಪ್ಪು ಆನೆಗೂ ಸೇರುತ್ತದೆ. ಅಂಥ ಊರುಗಳಿಗೆ ಒಣಕಾಯಿ ಬಿಡುವ ಸಣ್ಣ ಹೂಮರಗಳು ಮೇಲು: ಹಾಲೆ, ಪಾರಿಜಾತ, ತಂಗಡಿ. ಜೇನು, ಚಿಟ್ಟೆ, ಸೂರಕ್ಕಿಗಳಿಗೆ ಇಷ್ಟು ಸಾಕು, ದೊಡ್ಡ ಪ್ರಾಣಿಗಳಿಗೆ ಅಲ್ಲಿ ಆಸೆಪಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಇನ್ನೊಂದು ಮಾತು. ಕಾಡಂಚಿನ ಊರಿನಲ್ಲಿ ಒಬ್ಬನ ಹಿತ್ತಲಿಗೆ ಬಂದ ಆನೆ ಅವನ ಹಿತ್ತಲಿನಲ್ಲೇ ಉಳಿಯುವುದಿಲ್ಲ, ನಾಲ್ಕು ಮನೆ ದಾಟಿ ಹೋಗುತ್ತದೆ. ಆದ್ದರಿಂದ ಅಲ್ಲಿ ಏನನ್ನು ನೆಡಬೇಕೆಂಬುದನ್ನು ಒಬ್ಬ ತೀರ್ಮಾನಿಸದೆ ಬೀದಿಯವರೆಲ್ಲ ಕೂತು ಮಾತಾಡುವುದು ಒಳ್ಳೆಯದು. ನೆರೆಯವನ ಪ್ರಾಣಕ್ಕೆ ಕುತ್ತು ತಂದು ಹಕ್ಕಿಗೆ ಹಣ್ಣು ಕೊಟ್ಟೆ ಎಂದು ಬೀಗುವವನು ಮಾಡಿದ್ದು ದಾನವಲ್ಲ, ಸಾಲ. ಅದನ್ನು ನೆರೆಯವನ ಹೆಸರಿನಲ್ಲಿ ಎತ್ತಿದ್ದಾನೆ.

ಹಾಗಾದರೆ ಪೇಟೆಯ ಭಕ್ತರಿಗೆ ಇದರಲ್ಲಿ ಏನೂ ಪಾಲಿಲ್ಲವೇ? ಕಾಡು ಉಳಿದದ್ದರಿಂದ ಬರುವ ಮಳೆ, ಹೊಗೇನಕಲ್ಲಿನ ನೀರು ಧರ್ಮಪುರಿ ಪೇಟೆಯ ನಲ್ಲಿಗೂ ಬರುತ್ತದೆ. ಆನೆಯ ಊಟದ ಖರ್ಚು ಮಾತ್ರ ಅಂಚೆಟ್ಟಿಯವನ ಒಬ್ಬನ ಲೆಕ್ಕಕ್ಕೆ ಬೀಳುತ್ತದೆ. ಲೆಕ್ಕಶಾಸ್ತ್ರ ಓದಿದವರು ಯಾರೂ ಇಂಥ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಬೆಳೆನಷ್ಟಕ್ಕೆ ಸರಕಾರದ ಪರಿಹಾರವಿದೆ, ಅರ್ಜಿ ಕೊಡುವುದನ್ನು ಯಾರೂ ಬಿಡಬೇಡಿ. ಪಟ್ಟಾ, ಚಿಟ್ಟಾ, ಅಡಂಗಲ್ ನಕಲು ತಂದರೆ ಮಠದ ಕಚೇರಿಯಲ್ಲಿ ತಮಿಳಿನಲ್ಲಿ ಅರ್ಜಿ ಬರೆದುಕೊಡುವ ಏರ್ಪಾಡು ಇದೆ. ಇದರ ಜೊತೆಗೆ ಒಂದು ಸಲಹೆಯನ್ನು ಸಮಿತಿಯ ಮುಂದೆ ಇಡುತ್ತಿದ್ದೇವೆ. ಪ್ರತಿವರ್ಷ ಸುಗ್ಗಿಯಾದ ಮೇಲೆ ಮಠದ ದಾಸೋಹಕ್ಕೆ ಊರೂರಿಂದ ರಾಗಿ ಬರುತ್ತದೆಯಷ್ಟೆ. ಆನೆ ತುಳಿದ ಊರುಗಳಿಂದ ಆ ವರ್ಷ ರಾಗಿ ಎತ್ತುವುದು ಬೇಡ. ಆ ಊರುಗಳ ಪಾಲಿನ ಮೂಟೆಗಳನ್ನು ಧರ್ಮಪುರಿ, ಕೃಷ್ಣಗಿರಿ, ಸೇಲಂ ಪೇಟೆಗಳ ಅಂಗಡಿಯವರು ತುಂಬಿಕೊಡಲಿ. ಹೆಚ್ಚಾಗಿ ಬಂದದ್ದನ್ನು ಬೆಳೆ ಕಳೆದುಕೊಂಡ ಮನೆಗಳಿಗೆ ಬಿತ್ತನೆಗೆ ಮೊದಲು ತಲಪಿಸೋಣ. ರಸೀದಿಯಲ್ಲಿ ಕೊಟ್ಟವರ ಹೆಸರಿನ ಜೊತೆಗೆ ಯಾವ ಊರಿನ ಬಾಬ್ತು ಎಂಬುದೂ ಇರಲಿ. ಇದನ್ನು ಧರ್ಮವೆಂದು ಕರೆಯಬೇಕಾಗಿಲ್ಲ, ಬಾಕಿ ತೀರಿಸುವುದು ಎಂದರೆ ಸಾಕು. ಭಕ್ತರು ತಮ್ಮ ಅಭಿಪ್ರಾಯವನ್ನು ಪತ್ರದ ಮೂಲಕ ತಿಳಿಸಬಹುದು, ವಿರೋಧವಿದ್ದರೂ ತಿಳಿಸಬಹುದು.

ನಮ್ಮ ಕಡೆ ಮಳೆ ಹದವಾಗಿ ಕೂರುವುದು ಭಾದ್ರಪದ, ಆಶ್ವಯುಜಗಳಲ್ಲಿ. ಗುಂಡಿಯನ್ನು ಅದಕ್ಕೆ ಮೊದಲೇ ಒಂದೂವರೆ ಅಡಿ ತೋಡಿ ಬಿಸಿಲಿಗೆ ಬಿಡಿ. ಕಕ್ಕೆಯ ಬೀಜದ ಸಿಪ್ಪೆ ಬಲು ಗಟ್ಟಿ. ಕುದಿಸಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟರೆ, ಅಥವಾ ಒರಟು ಕಲ್ಲಿಗೆ ತುಸು ಉಜ್ಜಿದರೆ ಬೇಗ ಮೊಳೆಯುತ್ತದೆ. ಬಿಲ್ವದ ಬೀಜವನ್ನು ಇಟ್ಟುಕೊಳ್ಳದೆ ಹಣ್ಣಿನಿಂದ ತೆಗೆದು ತೊಳೆದು ಕೂಡಲೇ ಬಿತ್ತಬೇಕು. ಮುತ್ತುಗಕ್ಕೆ ಆಳವಾದ ಬೇರು, ಪಾಕೀಟಿನಿಂದ ಕಿತ್ತು ನೆಡುವುದಕ್ಕಿಂತ ಇದ್ದ ಜಾಗದಲ್ಲೇ ಬೀಜ ಊರುವುದು ಲೇಸು. ಪಾರಿಜಾತದ ಸಸಿಗೆ ಮೊದಲ ಬೇಸಗೆಯಲ್ಲಿ ನೀರು ತಪ್ಪಬಾರದು. ಕುರಿ ಮೇಕೆಗಳಿರುವ ಬೀದಿಯಾದರೆ ಎರಡು ವರ್ಷ ಮುಳ್ಳು ಕಟ್ಟಿ. ಹಾಲೆಯೊಂದಕ್ಕೆ ಮಾತ್ರ ಆ ಚಿಂತೆ ಕಡಿಮೆ, ಅದರ ಎಲೆಯನ್ನು ಮೇಕೆ ಅಷ್ಟಾಗಿ ಇಷ್ಟಪಡುವುದಿಲ್ಲ. ಸಸಿ ಬೇಕಾದವರು ಯಾವ ಊರು, ಕಾಡು ಎಷ್ಟು ದೂರ ಎಂಬುದನ್ನು ಬರೆದು ಕಳಿಸಿದರೆ ಅದಕ್ಕೆ ತಕ್ಕ ಜಾತಿಯನ್ನು ಆರಿಸಿ ಇಡುತ್ತೇವೆ.